ಅಪ್‌ಡೇಟ್: ನನ್ನ 183 ದಿನದ ಪ್ರಶ್ನೆ ಏನಾಯಿತು

ಹಿಂದೆ ಕೇಳಿದ್ದು ಇಷ್ಟು: ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಬೇರೆ ದೇಶದಲ್ಲಿದ್ದೆ. 183 ದಿನ ದಾಟದಿದ್ದರೆ ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ ಅಂತ ನನ್ನ ಸಲಹೆಗಾರರು ಹೇಳಿದ್ದರು. ಅದು ನಿಜವೇ?

ಅರ್ಧ ಮಾತ್ರ ನಿಜ. ತೆರಿಗೆ ಒಪ್ಪಂದಗಳನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರ ಹತ್ತಿರ ಹೋದೆ. ದೇಶಗಳ ನಡುವಿನ ಬಹಳಷ್ಟು ಒಪ್ಪಂದಗಳು ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆ) ರೂಪಿಸಿದ ಮಾದರಿ ಒಪ್ಪಂದವನ್ನು ಅನುಸರಿಸುತ್ತವೆ. ಅದರ 15ನೇ ವಿಧಿಯಲ್ಲಿ ದಿನದ ಲೆಕ್ಕದ ಜೊತೆಗೆ ಇನ್ನೂ ಎರಡು ಷರತ್ತುಗಳಿವೆ. ಸಂಬಳ ಕೊಡುವವರು ಆ ದೇಶದ ನಿವಾಸಿ ಆಗಿರಬಾರದು. ಸಂಬಳದ ಖರ್ಚು ಕಂಪನಿಗೆ ಅಲ್ಲಿರುವ ಕಾಯಂ ಶಾಖೆಯ ಮೇಲೂ ಬೀಳಬಾರದು. ನಾನು ಸಿಕ್ಕಿಬಿದ್ದದ್ದು ಇಲ್ಲೇ. ನನ್ನ ಸಂಬಳವನ್ನು ಅಲ್ಲಿನ ಶಾಖೆಯ ಲೆಕ್ಕಕ್ಕೇ ಬರೆದಿದ್ದರು.

ದಿನ ಎಣಿಸುವುದರಲ್ಲೂ ತಪ್ಪಿದ್ದೆ. ಪಾಸ್‌ಪೋರ್ಟ್ ಮುದ್ರೆಗಳನ್ನು ಮುಂದಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಒಂದೊಂದೇ ಗುರುತು ಹಾಕಿದೆವು. ಇಳಿದ ದಿನ, ಹೊರಟ ದಿನ, ನಡುವಿನ ಶನಿವಾರ ಭಾನುವಾರ, ಎಲ್ಲವೂ ಸೇರುತ್ತವೆ. ನಾನು 174 ಅಂದುಕೊಂಡಿದ್ದು 181 ಆಯಿತು! ಇನ್ನೂ ಒಂದು ವಾರ ಸುಮ್ನೆ ಉಳಿದಿದ್ದರೆ ಆ ಗಡಿಯನ್ನೂ ದಾಟುತ್ತಿದ್ದೆ.

ಕೊನೆಗೆ ಅಲ್ಲಿ ತೆರಿಗೆ ಕಟ್ಟಿದೆ, ಬಡ್ಡಿ ಸಮೇತ. ಒಪ್ಪಂದದ ಪ್ರಕಾರ ಆ ತೆರಿಗೆಗೆ ನನ್ನ ದೇಶದಲ್ಲಿ ಕ್ರೆಡಿಟ್ ಸಿಗುತ್ತದೆ, ಅಂದರೆ ಇಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯುತ್ತಾರೆ. ಬಡ್ಡಿಗೆ ಸಿಗಲ್ಲ. ಕಟ್ಟಿದ ರಸೀದಿ ಮಾತ್ರ ಬೇಕೇ ಬೇಕು. ಮೊದಲ ಸಲಹೆಗಾರರ ಮೇಲೆ ತುಂಬಾ ಬೇಸರವಾಯಿತು. ಸಂಬಳ ಯಾರ ಲೆಕ್ಕಕ್ಕೆ ಹೋಗುತ್ತದೆ ಅಂತ ಅವರು ಒಮ್ಮೆ ಕೇಳಬಹುದಿತ್ತು, ಅಲ್ವಾ? ಕ್ರೆಡಿಟ್‌ಗೆ ಅರ್ಜಿ ಹಾಕಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.