ತಾತನ ಮನೆಯನ್ನು ಹೋಟೆಲಿಗೆ ಕೊಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ತಾತನ ಮನೆಯನ್ನು ಹೋಟೆಲ್ ಮಾಡುವುದಕ್ಕೆ ಹದಿನೈದು ವರ್ಷದ ಲೀಸಿಗೆ ಕೇಳುತ್ತಿದ್ದಾರೆ, ಕೊಡೋಣವೇ ಎಂದು ದೊಡ್ಡಣ್ಣ ನಿನ್ನೆ ಈ ಗ್ರೂಪಿನಲ್ಲಿ ಕೇಳಿದ್ದರಲ್ಲ, ಅದಕ್ಕೆ ಇದು ನನ್ನ ಉತ್ತರ. ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ. ಕೊಡೋಣ ಎಂದೇ ನನ್ನ ಅಭಿಪ್ರಾಯ. ಬೀಗ ಜಡಿದು ಗೆದ್ದಲಿಗೆ ಬಿಡುವುದಕ್ಕಿಂತ ನಾಲ್ಕು ಜನ ಓಡಾಡಿಕೊಂಡಿರುವುದು ಮನೆಗೆ ಒಳ್ಳೆಯದು. ಆದರೆ ಹೊಸ ಬಚ್ಚಲುಮನೆಗಳು ಎಲ್ಲಿ ಬರುತ್ತವೆ ಎಂಬುದು ಕರಾರಿನಲ್ಲಿ ಸ್ಪಷ್ಟವಾಗುವ ತನಕ ನಮ್ಮಲ್ಲಿ ಯಾರೂ ಸಹಿ ಹಾಕಬಾರದು.

ಮೈಸೂರಿನ ಲಲಿತಮಹಲಿನಲ್ಲಿ ನಾವು ಉಳಿದುಕೊಂಡದ್ದು ನಿಮಗೆ ನೆನಪಿರಬಹುದು. ಅದು ಹೋಟೆಲ್ ಆದದ್ದು 1974ರಲ್ಲಾದರೂ, ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಕಟ್ಟಿಸಿದ್ದೇ ವೈಸರಾಯರಂಥ ಅತಿಥಿಗಳು ತಂಗಲಿ ಎಂದು. ಆದ್ದರಿಂದ ನೃತ್ಯದ ಹಾಲ್ ಊಟದ ಹಾಲ್ ಆದರೂ ಮೇಲಿನ ಬಣ್ಣದ ಗಾಜಿನ ಗುಮ್ಮಟಕ್ಕೆ ಯಾರೂ ಕೈಹಚ್ಚಬೇಕಾಗಲಿಲ್ಲ. ನಮ್ಮ ಮನೆ ಹಾಗಲ್ಲ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಯಲ್ಲಿ ಗಾಳಿ ಬೆಳಕಿಗೆಂದು ಅಂಗಳ ಬಿಟ್ಟು ಕಟ್ಟಿದ ಮನೆ ಅದು. ಆರು ಕೋಣೆಗಳಿಗೆ ಹಿತ್ತಿಲಲ್ಲಿ ಒಂದೇ ಬಚ್ಚಲು. ಹೋಟೆಲಿನವರಿಗೆ ಕೋಣೆಗೊಂದು ಬೇಕು.

ಇದ್ದ ಗೋಡೆಗಳೊಳಗೇ ಅದನ್ನು ತುರುಕಿದರೆ ಏನಾಗುತ್ತದೆಂದು ಕಳೆದ ಆಷಾಢದಲ್ಲಿ ಮಲ್ಲೇಶ್ವರದ ಒಂದು ಹಳೆಯ ಬಂಗಲೆಯಲ್ಲಿ ಎರಡು ರಾತ್ರಿ ಉಳಿದಾಗ ಕಣ್ಣಾರೆ ಕಂಡೆ. ಮೇಲೆ ಮರದ ಪಟ್ಟಿಗಳ ಚೂಪು ಮಾಡಿನಂಥ ಮರೆಯಿರುವ ಮಂಕಿ ಟಾಪ್ ಕಿಟಕಿಗಳು, ಬರಿಗಾಲಿಗೆ ತಣ್ಣಗೆ ತಾಗುವ ರೆಡ್ ಆಕ್ಸೈಡ್ ನೆಲ, ಎಲ್ಲವೂ ಮನಸ್ಸು ತುಂಬುವ ಹಾಗಿತ್ತು. ಮಲಗಿ ಮೇಲೆ ನೋಡಿದರೆ ನಮ್ಮ ಮನೆಯದೇ ಮದ್ರಾಸ್ ತಾರಸಿ: ತೇಗದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆಗಳು, ನಡುವೆ ಸುಣ್ಣದ ಗಾರೆ. ಒಂದು ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಮಾತ್ರ ತಟ್ಟೆಯಗಲದ ಕಪ್ಪು ತೇವ ಕಂಡಿತು, ಏಕೆಂದರೆ ನೇರ ಅದರ ಮೇಲೆ ಮಹಡಿಯ ಹೊಸ ಬಚ್ಚಲಿತ್ತು. ತೊಲೆ ಕೊಳೆಯುವುದು ಆ ತುದಿಯಿಂದಲೇ, ಹೊರಗೆ ಕಾಣುವಷ್ಟರಲ್ಲಿ ಒಳಗೆ ಪುಡಿಯಾಗಿರುತ್ತದೆ. ಮಂಚದ ಪಕ್ಕದ ಗೋಡೆಗೆ ಸಿಮೆಂಟ್ ಬಳಿದಿದ್ದರು. ಅದು ಉಬ್ಬಿ, ಮುಟ್ಟಿದರೆ ಬೆರಳಿಗೆ ಬಿಳಿ ಉಪ್ಪು ಅಂಟುತ್ತಿತ್ತು. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದ ಆರಿಸಿಕೊಳ್ಳುತ್ತದೆ, ಸಿಮೆಂಟ್ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಅಷ್ಟು ಚೆಂದದ ಮನೆಗೆ ಹೀಗಾಯಿತಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಬಚ್ಚಲುಗಳೆಲ್ಲ ಹಿತ್ತಿಲ ಕಡೆ, ಹಳೆಯ ಗೋಡೆಗೆ ಭಾರ ಬೀಳದಂತೆ, ಪ್ರತ್ಯೇಕ ತಳಪಾಯದ ಮೇಲೆ ಬರಲಿ. ಮಹಡಿಯಲ್ಲಿ ಒಂದೂ ಬೇಡ, ಅದರಿಂದ ಎರಡು ಕೋಣೆ ಕಡಿಮೆಯಾಗಿ ಬಾಡಿಗೆ ಇಳಿದರೂ ಚಿಂತೆಯಿಲ್ಲ. ಗೋಡೆಯ ದುರಸ್ತಿ ಸುಣ್ಣದಲ್ಲೇ ಆಗಲಿ. ಭಾನುವಾರ ಅವರು ಮನೆ ನೋಡಲು ಬರುವಾಗ ಹಳೆಯ ಕಟ್ಟಡಗಳ ಕೆಲಸ ಬಲ್ಲ ಒಬ್ಬ ಎಂಜಿನಿಯರನ್ನು ನಾನೇ ಕರೆತರುತ್ತೇನೆ, ಖರ್ಚು ನನ್ನದು. ದೇವರ ಮನೆಯ ಮುಂದೆ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದ ಕೆಂಪು ನೆಲದ ಮೇಲೆ ಟೈಲ್ಸ್ ಹಾಕಕೂಡದು ಎಂಬುದನ್ನೂ ದೊಡ್ಡಣ್ಣ ಅವತ್ತೇ ಬಾಯಿಬಿಟ್ಟು ಹೇಳಬೇಕು.