ಡೋವ್ರೆ ಬೆಟ್ಟದ ಯಾತ್ರೆ ದಾರಿಯಲ್ಲಿ ಮಾರ್ಚ್ ತಿಂಗಳಲ್ಲಿ ಸ್ಕೀ ಮೇಲೆ ಹೋಗಬಹುದಾ?

ಕೊಟ್ಟಿಗೆಹಾರದವಳು, ಓಸ್ಲೋ

ಎಲ್ಲರಿಗೂ ನಮಸ್ಕಾರ. ನಾನು ಓಸ್ಲೋಗೆ ಬಂದು ನಾಲ್ಕು ವರ್ಷ ಆಯಿತು. ಹೋದ ಜುಲೈಯಲ್ಲಿ, ನಾರ್ವೆಯ ರಾಜನಾಗಿದ್ದ ಸಂತ ಓಲಾಫನ ಯಾತ್ರೆ ದಾರಿಯಲ್ಲಿ ಮೂರು ದಿನ ನಡೆದೆ. ಓಸ್ಲೋದಿಂದ ಟ್ರಾಂಡ್‌ಹೈಮ್‌ನ ನಿಡಾರೋಸ್ ಚರ್ಚಿನವರೆಗೆ ಒಟ್ಟು 643 ಕಿ.ಮೀ. ದಾರಿ. ಅದರಲ್ಲಿ ನಾನು ನಡೆದದ್ದು ಡೋವ್ರೆ ಬೆಟ್ಟ ದಾಟುವ ಭಾಗ ಮಾತ್ರ. ಫೋಕ್‌ಸ್ಟುಗು, ಯೆರ್ಕಿನ್, ಅಲ್ಲಿಂದ ಕಾಂಗ್ಸ್‌ವೋಲ್. ಅಲ್ಲಿ ರೈಲು ಹತ್ತಿ ವಾಪಸ್ ಬಂದೆ.

ನಮ್ಮೂರು ಚಾರ್ಮಾಡಿ ಘಾಟಿಯ ತಲೆಯ ಮೇಲಿದೆ. ಶಿವರಾತ್ರಿ ಹತ್ತಿರ ಬಂದರೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ಮನೆ ಮುಂದೆಯೇ ಸಾಗುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಮಜ್ಜಿಗೆ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದರು. ಡೋವ್ರೆ ಮೇಲೆ ನಡೆಯುವಾಗ ಅದೇ ನೆನಪಾಗುತ್ತಿತ್ತು. ಅಷ್ಟು ದೊಡ್ಡ ಬಯಲು, ಗಾಳಿ, ದೂರದಲ್ಲಿ ಒಂದು ಮನೆ. ಅಲ್ಲಿಗೆ ಹೋದರೆ ಬಾಗಿಲು ತೆಗೆಯುತ್ತಾರೆ ಅನ್ನುವ ಧೈರ್ಯ.

ಈಗ ಅದೇ ದಾರಿಯನ್ನು ಹಿಮದಲ್ಲಿ ನೋಡುವ ಆಸೆ. ಮಾರ್ಚ್ ಕೊನೆಯ ವಾರ ಗೆಳತಿಯ ಜೊತೆ ಹೋಗೋಣ ಅಂತಿದ್ದೇನೆ. ಓಸ್ಲೋ ಪಕ್ಕದ ನೂರ್‌ಮಾರ್ಕಾ ಕಾಡಿನಲ್ಲಿ, ಮೆಷಿನ್ ಎಳೆದ ಜಾಡಿನಲ್ಲಿ ಮೂರು ಚಳಿಗಾಲ ಸ್ಕೀ ಮಾಡಿದ್ದೇನೆ. ದಿನಕ್ಕೆ 20 ಕಿ.ಮೀ. ಕಷ್ಟ ಆಗುವುದಿಲ್ಲ. ಬೇಸಿಗೆಯಲ್ಲಿ ಕಂಡ ಆ ಮರದ ಗುರುತು ಕಂಬಗಳು ಹಿಮದಲ್ಲೂ ಕಾಣುತ್ತವಾ? ನನ್ನ ತೆಳು ಸ್ಕೀ ಸಾಕಾ?

ನಿಡಾರೋಸ್ ನೆರೆಯವ, ಟ್ರಾಂಡ್‌ಹೈಮ್

ತಂಗಿ, ನಿಮ್ಮ ಪ್ರಶ್ನೆ ಓದಿ ಖುಷಿ ಆಯಿತು. ಆ ಬೆಟ್ಟ ನನಗೆ ತುಂಬಾ ಹತ್ತಿರದ್ದು. ಹನ್ನೊಂದು ಚಳಿಗಾಲದಿಂದ ಅಲ್ಲಿಗೆ ಹೋಗುತ್ತಿದ್ದೇನೆ.

ಮೊದಲು ನೇರವಾಗಿ ಹೇಳುತ್ತೇನೆ. ಬೇಸಿಗೆಯ ದಾರಿಯನ್ನು ಹಿಮದಲ್ಲಿ ಹುಡುಕಬೇಡಿ. ಆ ಕಂಬಗಳು ಗಿಡ್ಡ, ಸುಮಾರು ಕಡೆ ಮುಚ್ಚಿಹೋಗಿರುತ್ತವೆ. ನೂರ್‌ಮಾರ್ಕಾದ ಹಾಗೆ ಅಲ್ಲಿ ಯಾರೂ ಯಾತ್ರೆ ದಾರಿಯ ಉದ್ದಕ್ಕೂ ಜಾಡು ಎಳೆಯುವುದಿಲ್ಲ. ಹಿಂದಿನ ಕಾಲದವರೂ ಚಳಿಗಾಲದಲ್ಲಿ ಎಲ್ಲ ಕಡೆ ಅದೇ ದಾರಿ ಹಿಡಿಯುತ್ತಿರಲಿಲ್ಲ. ಕಾಂಗ್ಸ್‌ವೋಲ್ ದಾಟಿದ ಮೇಲೆ ಬರುವ ವೋರ್‌ಸ್ಟೀಗನ್ ಗೊತ್ತಲ್ವಾ? ಆ ಹೆಸರಿನ ಅರ್ಥವೇ ವಸಂತದ ದಾರಿ. ಚಳಿಗಾಲದಲ್ಲಿ ಜನ ಕೆಳಗೆ ಹೆಪ್ಪುಗಟ್ಟಿದ ಡ್ರೀವಾ ನದಿಯ ಮೇಲೇ ಜಾರುಬಂಡಿ ಓಡಿಸುತ್ತಿದ್ದರು. ವಸಂತ ಬಂದು ಮಂಜುಗಡ್ಡೆ ಸಡಿಲವಾದಾಗ ಮಾತ್ರ ಕಡಿದಾದ ಆ ಮೇಲಿನ ದಾರಿ ಹತ್ತುತ್ತಿದ್ದರು. ಬೆಟ್ಟದ ಬಯಲಿನಲ್ಲೂ ಭಾರ ಸಾಗಿಸಲು ಹಿಮವೇ ಅನುಕೂಲವಾಗಿತ್ತು. ಜೌಗು, ಕಲ್ಲು ಎಲ್ಲ ಮುಚ್ಚಿರುತ್ತದೆ ನೋಡಿ.

ಬದಲಾಗದೆ ಉಳಿದದ್ದು ಮನೆಗಳು. 1103ರಿಂದ 1123ರವರೆಗೆ ಆಳಿದ ಓಯ್‌ಸ್ಟೈನ್ ರಾಜ ಡೋವ್ರೆ ಮೇಲೆ ದಾರಿಹೋಕರಿಗೆ ತಂಗುಮನೆ ಕಟ್ಟಿಸಿದ. ನಮ್ಮ ಕಡೆ ಛತ್ರ ಅಂತೀವಲ್ಲ, ಹಾಗೆ. 1030ರಲ್ಲಿ ಓಲಾಫ ಯುದ್ಧದಲ್ಲಿ ಸತ್ತ ಮೇಲೆ ಜನ ಅವನ ಸಮಾಧಿಗೆ ಬರತೊಡಗಿದ್ದರು. ಬೆಟ್ಟ ದಾಟುವಾಗ ಚಳಿಗೆ ಸಾಯಬಾರದು ಅನ್ನುವುದೇ ಆ ಮನೆಗಳ ಕೆಲಸ. ನೀವು ಹೇಳಿದ ಮೂರೂ ಹೆಸರು ಆ ಹಳೆಯ ತಂಗುಮನೆಗಳ ಸಾಲಿನವು. ಅದಕ್ಕೇ ನನ್ನ ಮಾತು: ಗುರುತಿನಿಂದ ಗುರುತಿಗೆ ಹೋಗಬೇಡಿ, ಮನೆಯಿಂದ ಮನೆಗೆ ಹೋಗಿ. ನಡುವೆ ಯಾವ ಕಡೆಯಿಂದ ಹೋಗಬೇಕು ಅಂತ ಆ ದಿನದ ಹಿಮ, ಗಾಳಿ ನೋಡಿ ತೀರ್ಮಾನ ಮಾಡಿ. ಚಳಿಗಾಲದಲ್ಲಿ ಎಲ್ಲ ಮನೆಗಳೂ ತೆರೆದಿರುವುದಿಲ್ಲ. ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಡಿ.

ಫೋಕ್‌ಸ್ಟುಗುವಿನಿಂದ ಯೆರ್ಕಿನ್‌ಗೆ 20 ಕಿ.ಮೀ.ಗಿಂತ ಜಾಸ್ತಿ. ಈ ಸಲ ಅದನ್ನು ಬಿಡಿ. ನನ್ನ ಅನುಭವವನ್ನೇ ಹೇಳುತ್ತೇನೆ. ನನ್ನ ಎರಡನೇ ಚಳಿಗಾಲ. ಒಬ್ಬ ಗೆಳೆಯನ ಜೊತೆ ಯೆರ್ಕಿನ್‌ನಿಂದ ಫೋಕ್‌ಸ್ಟುಗು ಕಡೆ ಹೊರಟೆ. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಹನ್ನೊಂದು ಗಂಟೆಗೆ ಎದುರು ಗಾಳಿ ಎದ್ದಿತು. ಹಿಮ ನೆಲಕ್ಕಂಟಿ ಹೊಗೆಯಂತೆ ಓಡತೊಡಗಿತು. ತಲೆಯ ಮೇಲೆ ಇನ್ನೂ ನೀಲಿ ಆಕಾಶ, ಆದರೆ ನನ್ನ ಸ್ಕೀ ತುದಿ ನನಗೇ ಕಾಣುತ್ತಿರಲಿಲ್ಲ. ಮೈನಸ್ 10 ಡಿಗ್ರಿ ಇದ್ದಾಗ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟುವುದು ಮೈನಸ್ 20ರ ಚಳಿ. ನಕ್ಷೆ ಫೋನಿನಲ್ಲಿತ್ತು, ಫೋನು ಚಳಿಗೆ ಸತ್ತಿತ್ತು. ಗೆಳೆಯ ಕೈಗವಸು ತೆಗೆದು ತನ್ನ ಫೋನು ನೋಡಿದ. ಎರಡೇ ನಿಮಿಷ ಇರಬೇಕು, ಬೆರಳ ತುದಿ ಮೇಣದ ಹಾಗೆ ಬಿಳಿಯಾಯಿತು. ಕೈಯನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತೆವು. ಆಮೇಲೆ ವಾಪಸ್ ತಿರುಗಿದೆವು. ತಿರುಗಿದ್ದರಿಂದ ಗಾಳಿ ಬೆನ್ನಿಗೆ ಬಂತು, ಸ್ವಲ್ಪದರಲ್ಲೇ ನಮ್ಮದೇ ಜಾಡು ಸಿಕ್ಕಿತು. ಬೆರಳು ಉಳಿಯಿತು.

ಇಲ್ಲಿನವರ ಬೆಟ್ಟದ ನಿಯಮ ಒಂಬತ್ತು ಇವೆಯಲ್ಲ, 1967ರ ಈಸ್ಟರ್‌ನಲ್ಲಿ 18 ಜನ ತೀರಿಹೋದ ಮೇಲೆ ಮನೆಮನೆಗೂ ಗೊತ್ತಾದವು, ಅದರಲ್ಲಿ ಎಂಟನೆಯದು: ಸಮಯಕ್ಕೆ ಸರಿಯಾಗಿ ತಿರುಗಿ, ತಿರುಗುವುದರಲ್ಲಿ ನಾಚಿಕೆ ಇಲ್ಲ. ಆವತ್ತಿನವರೆಗೆ ಅದು ನನಗೆ ಗೋಡೆಯ ಮೇಲಿನ ಬರಹ ಆಗಿತ್ತು, ಅಷ್ಟೇ.

ನಿಮಗೆ ಯೆರ್ಕಿನ್‌ನಿಂದ ಕಾಂಗ್ಸ್‌ವೋಲ್ ಸರಿ. ಸುಮಾರು 12 ಕಿ.ಮೀ. ಎರಡೂ ಕಡೆ ರೈಲು ನಿಲ್ದಾಣ ಇದೆ. ಅಂದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ನೋಡಿ, ಅದು ಬೆನ್ನಿಗೆ ಬರುವ ಹಾಗೆ ಶುರು ಮಾಡಬಹುದು. ನಡುವೆ ಯೆರ್ಕಿನ್‌ಹೋಯ್ ಏರು, 1200 ಮೀಟರ್ ದಾಟುತ್ತದೆ. ಇಡೀ ಯಾತ್ರೆ ದಾರಿಯಲ್ಲಿ ಅದೇ ಅತಿ ಎತ್ತರದ ಜಾಗ. ಮೇಲೆ ನಿಂತರೆ ಪಶ್ಚಿಮಕ್ಕೆ 2286 ಮೀಟರಿನ ಸ್ನೋಹೆಟ್ಟಾ ಕಾಣುತ್ತದೆ. ಅಲ್ಲಿ ಒಂದೈದು ನಿಮಿಷ ಸುಮ್ನೆ ನಿಲ್ಲಿ. ಕಾಂಗ್ಸ್‌ವೋಲ್‌ಗೆ ಇಳಿಯುವ ಕಡೆ ಕಣಿವೆ ಕಡಿದು. ಹಿಮ ಗಟ್ಟಿಯಾಗಿದ್ದರೆ ಸ್ಕೀ ಬಿಚ್ಚಿ ನಡೆಯಿರಿ. ಹಿಂದಿನ ದಿನವೇ ಹಿಮಕುಸಿತದ ಮುನ್ಸೂಚನೆ ನೋಡಿ. ವೋರ್‌ಸ್ಟೀಗನ್ ಕಡೆ ಹಿಮದಲ್ಲಿ ಹೋಗಲೇಬೇಡಿ.

ಪುತ್ತೂರಿನ ಅಮ್ಮ, ಲಿಲ್ಲೆಹಾಮರ್

ಸ್ಕೀ ಬಗ್ಗೆ ನಾನು ಹೇಳುತ್ತೇನೆ. ತೆಳು ಸ್ಕೀ ಬೇಡಮ್ಮ. ಅದು ಜಾಡಿಗಾಗಿ ಮಾಡಿದ್ದು, ಬೆಟ್ಟದ ಗಟ್ಟಿ ಹಿಮದಲ್ಲಿ ಹಿಡಿತ ಸಿಗುವುದಿಲ್ಲ. ಅಂಚಿಗೆ ಸ್ಟೀಲ್ ಪಟ್ಟಿ ಇರುವ ಬೆಟ್ಟದ ಸ್ಕೀ ಬಾಡಿಗೆಗೆ ತೆಗೆದುಕೊಳ್ಳಿ. ಏರಿಗೆ ಕೆಳಗೆ ಅಂಟಿಸುವ ಫೆಲ್ ಪಟ್ಟಿಯನ್ನೂ ಕೇಳಿ ತೆಗೆದುಕೊಳ್ಳಿ. ಮೇಣ ಹಚ್ಚುವ ಸ್ಕೀ ಆದರೆ ಒಣ ಚಳಿ ಹಿಮಕ್ಕೆ ನೀಲಿ, ಇನ್ನೂ ಚಳಿ ಇದ್ದರೆ ಹಸಿರು. ಮಾರ್ಚ್ ಕೊನೆಯಲ್ಲಿ ಮಧ್ಯಾಹ್ನ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಹಿಮಕ್ಕೆ ಕ್ಲಿಸ್ಟರ್ ಅನ್ನುವ ಅಂಟುಮೇಣ ಬೇಕಾಗುತ್ತದೆ. ಅಂಟು ಜಾಸ್ತಿ, ಮನೆಯೊಳಗೆ ಬೆಚ್ಚಗಿರುವಾಗಲೇ ಹಚ್ಚಿಕೊಳ್ಳಿ.

ಇಬ್ಬರೇ ಹೋದರೂ ಒಂದು ಸಲಿಕೆ, ಗಾಳಿಚೀಲ, ಕಾಗದದ ನಕ್ಷೆ, ದಿಕ್ಸೂಚಿ ಬೇಕೇ ಬೇಕು. ಗಾಳಿಚೀಲ ಅಂದರೆ ಇಬ್ಬರೂ ಒಳಗೆ ಸೇರಿಕೊಂಡು ಕೂರುವಂಥ ದೊಡ್ಡ ಚೀಲ. ಇನ್ನೊಂದು ಜೊತೆ ಒಣ ಕೈಗವಸು ಎದೆ ಹತ್ತಿರ, ಜಾಕೆಟ್ ಒಳಗೆ ಇರಲಿ. ನಾನು ಫ್ಲಾಸ್ಕಿನಲ್ಲಿ ಶುಂಠಿ ಬೆಲ್ಲದ ಕಷಾಯ ಒಯ್ಯುತ್ತೇನೆ. ಊರಿಂದ ತಂದ ಬೆಲ್ಲ ಅದಕ್ಕೇ ಎತ್ತಿಟ್ಟಿರುತ್ತೇನೆ.

ಕೊಟ್ಟಿಗೆಹಾರದವಳು, ಓಸ್ಲೋ

ಅಣ್ಣ, ಅಮ್ಮ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನದಿಯ ಮೇಲೆ ಹೋಗುತ್ತಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ. ಫೋಕ್‌ಸ್ಟುಗು ಬಿಟ್ಟೆವು. ಮೊದಲ ದಿನ ಡೊಂಬೋಸ್‌ನ ಜಾಡಿನಲ್ಲಿ ಬೆಟ್ಟದ ಸ್ಕೀ ಅಭ್ಯಾಸ ಮಾಡುತ್ತೇವೆ, ರಾತ್ರಿ ಯೆರ್ಕಿನ್. ಎರಡನೇ ದಿನ ಹವಾ ಚೆನ್ನಾಗಿದ್ದರೆ ಕಾಂಗ್ಸ್‌ವೋಲ್. ಒಂದು ಪ್ರಶ್ನೆ ಉಳಿದಿದೆ. ಕಸ್ತೂರಿ ಎತ್ತುಗಳು (ಮಸ್ಕ್ ಆಕ್ಸ್) ಎದುರಾದರೆ?

ನಿಡಾರೋಸ್ ನೆರೆಯವ, ಟ್ರಾಂಡ್‌ಹೈಮ್

ಒಳ್ಳೆಯ ಪ್ಲ್ಯಾನ್. ಕಸ್ತೂರಿ ಎತ್ತಿನಿಂದ ಕನಿಷ್ಠ 200 ಮೀಟರ್ ದೂರ ಇರಿ. 1932ರಲ್ಲಿ ಮೊದಲ ಸಲ ಗ್ರೀನ್‌ಲ್ಯಾಂಡ್‌ನಿಂದ ತಂದು ಬಿಟ್ಟ ಪ್ರಾಣಿಗಳು. ಚಳಿಗಾಲದಲ್ಲಿ ಗಾಳಿಗೆ ಹಿಮ ಹಾರಿಹೋದ ದಿಣ್ಣೆಗಳ ಮೇಲೆ ಅಲುಗಾಡದೆ ನಿಂತಿರುತ್ತವೆ, ದೂರದಿಂದ ಬಂಡೆ ಅನ್ನಿಸುತ್ತದೆ. ಬಂಡೆ ಕಂದು ಬಣ್ಣದ್ದಾಗಿದ್ದರೆ ಎರಡು ಸಲ ನೋಡಿ. ಮೇವು ಕಡಿಮೆ ಇರುವ ಕಾಲ. ನಾವು ಹತ್ತಿರ ಹೋಗಿ ಓಡಿಸಿದರೆ ಅವು ಉಳಿಸಿಕೊಂಡ ಶಕ್ತಿ ಖರ್ಚಾಗುತ್ತದೆ. ಕಾಡು ಹಿಮಸಾರಂಗಕ್ಕೂ ಅದೇ ಮಾತು. ಮಾರ್ಚ್ ಅಂದರೆ ಹೆಣ್ಣುಗಳು ಗಬ್ಬ ಇರುವ ಸಮಯ. ಹಿಂಡು ಕಂಡರೆ ಕೂತುಬಿಡಿ, ಅವು ದಾಟಿ ಹೋಗಲಿ.

ಯಾವ ರೈಲಿಗೆ ಬರುತ್ತೀರಿ ಅಂತ ಮನೆಯವರಿಗೂ, ಯೆರ್ಕಿನ್‌ನಲ್ಲಿ ಉಳಿಯುವ ಕಡೆಯೂ ಹೇಳಿ ಹೊರಡಿ. ಆ ದಿನ ಸಂಜೆ ಇಲ್ಲೂ ಒಂದು ಸಾಲು ಬರೆಯಿರಿ. ನಾನು ನೋಡುತ್ತಿರುತ್ತೇನೆ.

ಕೊಟ್ಟಿಗೆಹಾರದವಳು, ಓಸ್ಲೋ

ಬರೆಯುತ್ತೇನೆ ಅಣ್ಣ. ತಿರುಗಿ ಬಂದರೂ ಬರೆಯುತ್ತೇನೆ.