10 ವರ್ಷದ ವೀಸಾ ಸಿಕ್ಕಿದೆ, ಆದರೆ ಇರೋದು ಎಷ್ಟು ದಿನ?

ಅತ್ತಿಗೆ, ಬೆಳಿಗ್ಗೆ ನೀವು ಗ್ರೂಪಿನಲ್ಲಿ ಹಾಕಿದ್ದನ್ನು ನೋಡಿದೆ. ಅಮೆರಿಕದ ವೀಸಾ 10 ವರ್ಷಕ್ಕೆ ಸಿಕ್ಕಿದೆ, ಹಾಗಾದರೆ ಮಗಳ ಮನೆಯಲ್ಲಿ ಒಂದು ವರ್ಷ ಆರಾಮಾಗಿ ಇದ್ದು ಬರಬಹುದಲ್ವಾ ಅಂತ ಕೇಳಿದ್ದೀರಿ. ಅದಕ್ಕೆ ನಮ್ಮವರು ಸಾಲಾಗಿ ಹೆಬ್ಬೆಟ್ಟು ಒತ್ತಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಇರೋಕೆ ಆಗಲ್ಲ. ಪಾಸ್‌ಪೋರ್ಟಿಗೆ ಅಂಟಿಸಿರುವ ವೀಸಾ ಅವರ ಬಾಗಿಲಿನ ತನಕ ಮಾತ್ರ. ಒಳಗೆ ಎಷ್ಟು ದಿನ ಅನ್ನೋದನ್ನು ಏರ್‌ಪೋರ್ಟಿನಲ್ಲಿ ಕೂತಿರುವ ಅಧಿಕಾರಿ ಹೇಳುತ್ತಾರೆ. ನಿಮ್ಮ ಹಾಗೆ ನೋಡಿಕೊಂಡು ಬರೋಕೆ ಹೋಗುವ ಬಿ-2 ವೀಸಾದವರಿಗೆ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಯಾವತ್ತಿನ ತನಕ ಇರಬಹುದು ಅನ್ನೋ ತಾರೀಖು ಐ-94 ಅನ್ನೋ ದಾಖಲೆಯಲ್ಲಿ ಇರುತ್ತದೆ. ವಿಮಾನದಲ್ಲಿ ಬಂದವರಿಗೆ ಅದನ್ನು ಈಗ ಕೈಗೆ ಕೊಡಲ್ಲ, ಅವರ ಗಡಿ ಇಲಾಖೆಯಾದ ಸಿಬಿಪಿಯ ವೆಬ್‌ಸೈಟಿನಲ್ಲಿ ನಾವೇ ತೆಗೆದುಕೊಳ್ಳಬೇಕು. ಇಳಿದ ಒಂದೆರಡು ದಿನದಲ್ಲೇ ಮಗಳ ಹತ್ತಿರ ತೆಗೆಸಿ ಪ್ರಿಂಟ್ ಇಟ್ಟುಕೊಳ್ಳಿ. ದುಡ್ಡು ಕಟ್ಟಿ ಅಂದರೆ ಅದು ಬೇರೆ ಯಾರದೋ ಸೈಟ್, ಮುಚ್ಚಿಬಿಡಿ.

ಅಣ್ಣನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಅಲ್ವಾ? ನಮ್ಮ ಹಾಸನದ ಕಡೆ ಎಷ್ಟೋ ಜನರದ್ದು ಹಾಗೇ. ವೀಸಾ ತೆಗೆದು ನೋಡಿ, ಅಣ್ಣನ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಅನ್ನೋ ಕಡೆ ಎಫ್‌ಎನ್‌ಯು ಅಂತ ಹೊಡೆದಿರುತ್ತಾರೆ. ಫಸ್ಟ್ ನೇಮ್ ಅನ್‌ನೋನ್ ಅಂತೆ! ಹೆಸರೇ ಇಲ್ಲದ ಮನುಷ್ಯ. ಗಾಬರಿ ಬೇಡ, ಅದು ಪ್ರಿಂಟ್ ತಪ್ಪಲ್ಲ. ಐ-94 ಹುಡುಕುವಾಗ ಸಿಗಲಿಲ್ಲ ಅಂದರೆ ಹಾಗೇ ಟೈಪ್ ಮಾಡಿ ನೋಡು ಅಂತ ಮಗಳಿಗೆ ಹೇಳಿ.

ನಾಲ್ಕು ದಿನ ಜಾಸ್ತಿ ಇದ್ದರೆ ಯಾರು ನೋಡ್ತಾರೆ ಅಂತ ಕೆಳಗೆ ಒಬ್ಬರು ಬರೆದಿದ್ದಾರೆ. ನೋಡ್ತಾರೆ. ವಾಪಸ್ ಹೊರಟವರ ಲೆಕ್ಕ ವಿಮಾನ ಕಂಪನಿಯಿಂದ ಅವರಿಗೆ ಹೋಗುತ್ತದೆ. ತಾರೀಖು ದಾಟಿ ಉಳಿದರೆ ಆ 10 ವರ್ಷದ ವೀಸಾ ಅಲ್ಲಿಗೇ ರದ್ದು. ಆ ತಾರೀಖಿನ ಮೇಲೆ 180 ದಿನಕ್ಕಿಂತ ಜಾಸ್ತಿ ಉಳಿದು ಬಂದರೆ 3 ವರ್ಷ, ಒಂದು ವರ್ಷ ದಾಟಿದರೆ 10 ವರ್ಷ ಆ ಕಡೆ ಕಾಲಿಡೋ ಹಾಗಿಲ್ಲ. ಅವಧಿ ಮುಗಿಯುವ ಮೊದಲೇ ಐ-539 ಅಂತ ಅರ್ಜಿ ಹಾಕಿ ಇನ್ನಷ್ಟು ದಿನ ಕೇಳಬಹುದು, ಕಾಯಿಲೆ ಕಸಾಲೆ ಅಂದರೆ ಅದು ಬೇಕಾಗುತ್ತದೆ. ಸುಮ್ನೆ ಮೊಮ್ಮಗು ಜೊತೆ ಇನ್ನೂ ಇರೋಣ ಅನ್ನೋದಕ್ಕೆ ನಾನಂತೂ ಹಾಕಿಸಲ್ಲ. ಬಂದ ತಿಂಗಳಲ್ಲೇ ಮತ್ತೆ ಹೋಗೋದೂ ಅಷ್ಟೇ, ಇವರು ಇಲ್ಲೇ ವಾಸ ಮಾಡ್ತಾರೆ ಅಂತ ಅನುಮಾನ ಬರುತ್ತದೆ.

ಹಾಂ, ಇನ್ಶೂರೆನ್ಸ್ ಇಲ್ಲದೆ ಹೊರಡಬೇಡಿ. ಅಣ್ಣನ ಬಿಪಿ ಶುಗರ್‌ಗೆ ಎಷ್ಟು ಕವರ್ ಇದೆ ಅಂತ ಓದಿಸಿಯೇ ತೆಗೆದುಕೊಳ್ಳಿ. ಮೊದಲೇ ಇದ್ದ ಕಾಯಿಲೆಗೆ ತುಂಬಾ ಪಾಲಿಸಿಗಳು ಸರಿಯಾಗಿ ಕೊಡಲ್ಲ.

ನನ್ನ ಕೇಳಿದರೆ ಕಾಫಿ ಹೂ ಬಿಡಿಸುವ ಹೂ ಮಳೆ ಮುಗಿಸಿ ಏಪ್ರಿಲ್‌ನಲ್ಲಿ ಹೊರಡಿ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಸೋದನ್ನು ತೋಟದ ರೈಟರ್ ನೋಡಿಕೊಳ್ಳಲಿ, ಅರೇಬಿಕಾ ಕುಯ್ಲಿಗೆ ನೀವು ಸಕಲೇಶಪುರದಲ್ಲೇ ಇರುತ್ತೀರಿ. ವಾಪಸ್ ಟಿಕೆಟ್ ಸೆಪ್ಟೆಂಬರ್ ಮಧ್ಯಕ್ಕೆ ಮಾಡಿಸಿ, ಅವಧಿಯ ಕೊನೇ ವಾರಕ್ಕೆ ಬೇಡ, ವಿಮಾನ ರದ್ದಾದರೂ ಕೈಯಲ್ಲಿ ನಾಲ್ಕು ದಿನ ಇರಲಿ.